ಹುಳದ ಮನೆಯ ಕುರ್ಚಿ

ಚಲಪತಿಯ ಮುಖ ನೋಡುವ ಮೊದಲೇ ಲಾವಣ್ಯ ಅವನು ಕಾಯಿಸಿದ ಅಂಟನ್ನು ಅನ್ನಕ್ಕೆ ಕಲಸಿಕೊಂಡು ತಿಂದಿದ್ದಳು.

ಕುಡುಮಲಕುಂಟೆಯ ಫರ್ನಿಚರ್ ಫ್ಯಾಕ್ಟರಿಯಲ್ಲಿ ಅವಳಿಗೆ ಅದು ಮೊದಲ ದಿನ. ಗೌರಿಬಿದನೂರಿನ ಪಿ.ಜಿ.ಯವರು ಡಬ್ಬಿಗೆ ಬರೀ ಅನ್ನ ಹಾಕಿ ಸಾರು ಮರೆತಿದ್ದರು. ಡೆವಲಪ್‌ಮೆಂಟ್ ರೂಮಿನ ಮೂಲೆಯ ಮೇಜಿನ ಮೇಲೆ ಒಂದು ಸ್ಟೀಲ್ ಪಾತ್ರೆ, ಅದರಲ್ಲಿ ಕಂದು ಬಣ್ಣದ, ಇನ್ನೂ ಹಬೆಯಾಡುವ ಗೊಜ್ಜು. ಹುರಿದ ಹುಣಸೆ ಬೀಜದ ಘಮ. ಯಾರದೋ ಊಟ, ಕೇಳಿದರೆ ಇಲ್ಲ ಅನ್ನುತ್ತಾರಾ ಎಂದು ಎರಡು ಚಮಚ ಬಡಿಸಿಕೊಂಡಳು. ಎರಡನೇ ತುತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

“ಉಪ್ಪು ಕಮ್ಮಿ ಅಲ್ವಾ ಮೇಡಂ?”

ಬಾಗಿಲಿಗೆ ಒರಗಿ ನಿಂತಿದ್ದವನ ಹುಬ್ಬಿನ ತುಂಬ ಮರದ ಪುಡಿ. ಅದು ಗೊಜ್ಜಲ್ಲ, ಕುರ್ಚಿಗೆ ಹಾಕುವ ಅಂಟು ಎಂದು ಅವನು ನಿಧಾನವಾಗಿ, ಒಂದೊಂದೇ ಮಾತು ಸವಿಯುತ್ತ ತಿಳಿಸಿದ. ಮೊದಲ ತುತ್ತಿನಿಂದ ನೋಡುತ್ತಿದ್ದವನು ಯಾಕೆ ತಡೆಯಲಿಲ್ಲ ಎಂದು ಅವಳು ಬಾಯಿ ಬಿಡಿಸಿಕೊಂಡು ಕೇಳುವುದಕ್ಕೇ ಅರ್ಧ ಲೋಟ ನೀರು ಬೇಕಾಯಿತು.

“ತಿಂದ್ರೂ ಏನೂ ಆಗಬಾರದು, ಅಂಥ ಅಂಟು ಮಾಡ್ಬೇಕು ಅಂತಾನೇ ನಾನಿಲ್ಲಿರೋದು. ತಿಂದು ನೋಡೋರು ಇಷ್ಟು ದಿನ ಸಿಕ್ಕಿರಲಿಲ್ಲ.”

ಅವಳು ನಗಬಾರದೆಂದು ತುಟಿ ಬಿಗಿ ಹಿಡಿದಳು. ತುಟಿ ಮೊದಲೇ ಅಂಟಿತ್ತು, ಹಾಗಾಗಿ ಕಷ್ಟವಾಗಲಿಲ್ಲ. ಕಣ್ಣು ಮಾತ್ರ ಮಾತು ಕೇಳಲಿಲ್ಲ.

ಲಾವಣ್ಯ ಶಿಡ್ಲಘಟ್ಟದ ಪಕ್ಕದ ಹಳ್ಳಿಯವಳು, ರೇಷ್ಮೆ ಬೆಳೆಯುವ ಚೆನ್ನರಾಯಪ್ಪನ ಮಗಳು, ಓದಿದ್ದೂ ರೇಷ್ಮೆ ಕೃಷಿಯನ್ನೇ. ಆ ಸೀಮೆಯಲ್ಲಿ ಹಿಪ್ಪುನೇರಳೆಯ ಸೊಪ್ಪು ಹುಳಕ್ಕೆ, ಕಡ್ಡಿ ಒಲೆಗೆ. ಆ ಕಡ್ಡಿಯನ್ನು ಸುಡದೆ ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಹಲಗೆ ಮಾಡುವುದು ಇವರ ಕೆಲಸ. ಒಂದು ಮರವನ್ನೂ ಕಡಿಯದ ಕುರ್ಚಿ, ಮನೆಯೊಳಗೆ ವಿಷ ಬಿಡದ ಮಂಚ. ಅವಳು ಕಡ್ಡಿ ಬಲ್ಲವಳು, ಅವನು ಅಂಟು ಬಲ್ಲವನು.

ಹಲಗೆ ಮೊದಲು ಬಿರಿಯಿತು, ಆಮೇಲೆ ಬೂಷ್ಟು ಹಿಡಿಯಿತು, ಆಮೇಲೊಂದು ಮಳೆಗಾಲದಲ್ಲಿ ಪೂರಿಯ ಹಾಗೆ ಉಬ್ಬಿತು. ಪ್ರತಿ ಸಲವೂ ಚಲಪತಿ ಹಲಗೆಯನ್ನು ಮಗುವಿನ ಹಾಗೆ ಮಡಿಲಿಗೆ ಹಾಕಿಕೊಂಡು ಕೂತುಬಿಡುತ್ತಿದ್ದ. ಪ್ರತಿ ಸಲವೂ ಲಾವಣ್ಯ ಎದುರು ಕೂತು, ಅವನ ಹುಬ್ಬಿನ ಪುಡಿಯನ್ನು ಊದಿ ಹಾರಿಸಬೇಕೆಂಬ ಆಸೆಯನ್ನು ನುಂಗಿಕೊಳ್ಳುತ್ತಿದ್ದಳು. ಒಂದು ಸಂಜೆ ನುಂಗಲಾಗದೆ ಊದಿಯೇಬಿಟ್ಟಳು. ಅವನು ಕಣ್ಣು ಮುಚ್ಚಿದ, ತೆರೆಯಲು ಬಹಳ ಹೊತ್ತು ತೆಗೆದುಕೊಂಡ.

ಕೊನೆಗೊಂದು ಕುರ್ಚಿ ನಿಂತಿತು. ಗಿಡ್ಡ ಕಾಲು, ಅಗಲ ಕೈ. ಅವಳನ್ನು ಕೂರಿಸಿ ಅವನು ನೆಲದ ಮೇಲೆ ಕೂತು ನೋಡಿದ.

“ಕುರ್ಚಿ ನೋಡ್ತಿದೀಯೋ, ನನ್ನ ನೋಡ್ತಿದೀಯೋ?”

“ಕುರ್ಚಿ ಅಲುಗಾಡ್ತಾ ಇದೆಯಾ ಅಂತ ನೋಡ್ತಿದೀನಿ.”

“ಅಲುಗಾಡ್ತಿದೆಯಾ?”

“ಕುರ್ಚಿ ಅಲುಗಾಡ್ತಿಲ್ಲ,” ಎಂದ ಚಲಪತಿ.

ಆ ಕುರ್ಚಿಯಲ್ಲಿ ವಿಷವಿಲ್ಲವೆಂದು ಯಾವ ಲ್ಯಾಬಿಗಿಂತಲೂ ಖಡಾಖಂಡಿತವಾಗಿ ಹೇಳಬಲ್ಲ ಜಾಗ ಒಂದಿತ್ತು: ಚೆನ್ನರಾಯಪ್ಪನ ಹುಳದ ಮನೆ. ರೇಷ್ಮೆ ಹುಳದಷ್ಟು ನಾಜೂಕಿನ ಜೀವ ಇನ್ನೊಂದಿಲ್ಲ. ಹುಳವಿರುವ ಮನೆಯಲ್ಲಿ ಊದಿನಕಡ್ಡಿ ಹಚ್ಚುವಂತಿಲ್ಲ, ಬೀಡಿ ಸೇದಿ ಬಂದವನು ಬಾಗಿಲ ಹತ್ತಿರ ಸುಳಿಯುವಂತಿಲ್ಲ, ಪಕ್ಕದ ಹೊಲದವನು ಟೊಮೆಟೊಗೆ ಔಷಧಿ ಹೊಡೆದರೆ ಗಾಳಿ ತಿರುಗದಿರಲೆಂದು ದೇವರಿಗೆ ಕೈಮುಗಿಯಬೇಕು. ಬೆಳೆ ಶುರುವಾಗುವ ಮೊದಲು ಮನೆಗೆಲ್ಲ ಫಾರ್ಮಲಿನ್ ಹೊಡೆದು ತೊಳೆಯುತ್ತಾರೆ ನಿಜ, ಆದರೆ ಅದರ ಘಾಟು ಪೂರ್ತಿ ಹೋಗುವ ತನಕ ಒಂದು ಹುಳವನ್ನೂ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಸುಣ್ಣದ ಗೆರೆ, ಪಕ್ಕದಲ್ಲಿ ನೀರಿನ ಚೊಂಬು. ಕಾಲು ತೊಳೆದು, ಗೆರೆ ತುಳಿದು ಒಳಗೆ ಬರಬೇಕು.

ಆ ಕುರ್ಚಿಯನ್ನು ಒಂದು ಬೆಳೆ ಮುಗಿಯುವ ತನಕ ಅಲ್ಲಿ ಇಡೋಣವೆಂದು ಚಲಪತಿಯೇ ಹೇಳಿದ್ದು. ಲಾವಣ್ಯ ತಲೆ ತಗ್ಗಿಸಿದಳು.

“ಕುರ್ಚಿ ಬರ್ಬೋದು. ನೀನು ಬರಕ್ಕಾಗಲ್ಲ.”

“ಗೊತ್ತು,” ಅಂದ ಅವನು. “ಚಂದ್ರಿಕೆ ಒಳಗೆ ಹೋಗ್ತಿತ್ತು. ನಮ್ಮಪ್ಪ ಆಚೆ ನಿಂತಿರ್ತಿದ್ದ.”

ಹಣ್ಣಾದ ಹುಳ ಗೂಡು ಕಟ್ಟುವುದು ಚಂದ್ರಿಕೆಯ ಮೇಲೆ, ಸುರುಳಿ ಸುರುಳಿಯಾಗಿ ಹೆಣೆದ ದೊಡ್ಡ ಬಿದಿರಿನ ತಟ್ಟಿ. ಪ್ಲಾಸ್ಟಿಕ್ಕಿನವು ಬರುವ ತನಕ ಚಿಂತಾಮಣಿಯ ಮೇದರ ಗಂಗುಲಪ್ಪ ಹೆಣೆದು ತಂದದ್ದರ ಮೇಲೆಯೇ ಶಿಡ್ಲಘಟ್ಟದ ಎಷ್ಟೋ ಮನೆಗಳ ಹುಳ ಗೂಡು ಕಟ್ಟಿದೆ. ಚಲಪತಿ ಆ ಗಂಗುಲಪ್ಪನ ಮಗ. ನೆಂಟರು, ನೆರೆಯವರು, ಗೂಡಿನ ದಲ್ಲಾಳಿ ಎಲ್ಲರೂ ಕಾಲು ತೊಳೆದು ಒಳಗೆ ಹೋಗುತ್ತಿದ್ದರು. ಗಂಗುಲಪ್ಪನೂ ಕಾಲು ತೊಳೆಯುತ್ತಿದ್ದ, ಆದರೂ ಗೆರೆಯಾಚೆಯೇ ನಿಲ್ಲುತ್ತಿದ್ದ. “ಹುಳಕ್ಕೆ ಆಗಲ್ಲ” ಎಂದು ಚೆನ್ನರಾಯಪ್ಪ ಹೇಳುತ್ತಿದ್ದುದನ್ನು ಪುಟ್ಟ ಲಾವಣ್ಯ ಎಷ್ಟೋ ಸಲ ಕೇಳಿದ್ದಳು. ಬೇಕಾದ್ದನ್ನೆಲ್ಲ ಹುಳದ ತಲೆಗೆ ಕಟ್ಟಬಹುದಿತ್ತು. ಹುಳ ಎದುರು ಮಾತಾಡುವುದಿಲ್ಲ.

ಕುರ್ಚಿ ಹೋಯಿತು. ನಮ್ಮ ಕಂಪನಿಯದು ಎಂದಷ್ಟೇ ಅವಳು ಮನೆಯಲ್ಲಿ ಹೇಳಿದಳು. ಬೆಳೆ ಹೂವಿನ ಹಾಗೆ ಎದ್ದಿತು. ತಪ್ಪಿಸಿಕೊಂಡ ಹುಳವೊಂದು ಹತ್ತಿ ಹೋಗಿ ಕುರ್ಚಿಯ ಕೈಯಡಿ ಹಳದಿ ಗೂಡು ಕಟ್ಟಿತು, ಲಾವಣ್ಯಳನ್ನು ಬಿಟ್ಟು ಯಾರ ಕಣ್ಣಿಗೂ ಬೀಳಲಿಲ್ಲ. ಅವಳು ಕೀಳಲಿಲ್ಲ. ಚೆನ್ನರಾಯಪ್ಪನಿಗಂತೂ ಆ ಕುರ್ಚಿ ಸಿಂಹಾಸನವಾಯಿತು. ದಿನವೂ ಅದರ ಮೇಲೆ ಕೂತು, ಹುಳ ಸೊಪ್ಪು ತಿನ್ನುವ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದ. ಮೇದರ ಮಗನ ಕೈಕೆಲಸದ ಮೇಲೆ ಕೂತಿದ್ದೇನೆಂದು ಅವನಿಗೆ ಹುಳವೂ ಹೇಳಲಿಲ್ಲ, ಮಗಳೂ ಹೇಳಲಿಲ್ಲ.

ಹೇಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಒಂದು ಭಾನುವಾರ ಊರಿಗೆ ಬಂದಳು. ಮನೆ ತುಂಬ ಚಪ್ಪಲಿಗಳು. ಮುದ್ದೇನಹಳ್ಳಿ ಕಡೆಯ ಹೊಲ-ತೋಟದ ಮನೆ, ಹುಡುಗ ವಿನಯ್ ಚಿಕ್ಕಬಳ್ಳಾಪುರದಲ್ಲಿ ಬ್ಯಾಂಕಿನ ಕೆಲಸ. ಬಳೆ ತೊಡಿಸಬೇಕು, ಕೈ ಕೊಡಮ್ಮಾ ಎಂದರು. ಕೈಯನ್ನು ಮಾತ್ರ ಕೇಳಿದರು, ಅವಳನ್ನು ಕೇಳಲಿಲ್ಲ. ತಾಯಿ ಪಂಕಜಮ್ಮ ಹಿಂದಿನಿಂದ ಮೊಣಕೈ ಮುಟ್ಟಿದಳು. ಕೈ ಮುಂದೆ ಹೋಯಿತು.

ಪಿ.ಜಿ. ಖಾಲಿ ಮಾಡಿ ಊರಿನ ಬಸ್ಸಿಗೆ ನಿಂತಿದ್ದಾಗ, ಗೌರಿಬಿದನೂರು ಬಸ್‌ಸ್ಟ್ಯಾಂಡಿನಲ್ಲಿ ಚಲಪತಿ ಆ ಹಸಿರು ಬಳೆಗಳನ್ನು ನೋಡಿದ. ನೀನು ಹೂಂ ಅಂದರೆ ನಾಳೆಯೇ ನಿಮ್ಮ ಮನೆಗೆ ಬಂದು ಕೇಳುತ್ತೇನೆ ಎಂದ. ಭಯಕ್ಕೆ ಒಂದು ಕೆಟ್ಟ ಗುಣವಿದೆ, ಅದು ಪ್ರೀತಿಸಿದವರನ್ನೇ ಕಚ್ಚುತ್ತದೆ.

“ಎಲ್ಲೀವರೆಗೆ ಬರ್ತೀಯ?” ಎಂದುಬಿಟ್ಟಳು ಲಾವಣ್ಯ. “ಸುಣ್ಣದ ಗೆರೆವರೆಗಾ?”

ಚಲಪತಿ ಅವಳ ಬ್ಯಾಗನ್ನು ಬಸ್ಸಿನೊಳಗೆ ಇಟ್ಟುಕೊಟ್ಟು, ಕಿಟಕಿಯಾಚೆ ನಿಂತು, ಬಸ್ಸು ಹೊರಟ ಮೇಲೆ ತಿರುಗಿ ನಡೆದ.

ಮದುವೆಯ ಹುಡುಗಿ ಅಷ್ಟು ದೂರ ಓಡಾಡುವುದು ಬೇಡವೆಂದು ಕೆಲಸ ಬಿಡಿಸಿದ್ದರು. ಕುರ್ಚಿ ನಿಂತ ಹೊಸತರಲ್ಲೇ ಮ್ಯಾನೇಜರ್ ಸುನೀಲ್‌ಕುಮಾರ್ ಅವಳಿಗೆ ರೇಷ್ಮೆ ಸೀರೆ ಉಡಿಸಿ, ಹಿಪ್ಪುನೇರಳೆ ತೋಟದಲ್ಲಿ ನಿಲ್ಲಿಸಿ ಫೋಟೋ ತೆಗೆಸಿದ್ದ. ರೇಷ್ಮೆ ರೈತನ ಮಗಳ ನಗು ನಮ್ಮ ಸಾಮಾನಿಗೆ ಗುರುತಾಗಲಿ ಎಂದಿದ್ದ. ಅವಳು ನಕ್ಕಿದ್ದಳು, ಫೋಟೋಗ್ರಾಫರನ ಹಿಂದೆ ಚಲಪತಿ ನಿಂತಿದ್ದನೆಂಬ ಒಂದೇ ಕಾರಣಕ್ಕೆ.

ಮನೆಗೆ ಸುಣ್ಣ ಬಣ್ಣ ನಡೆಯಿತು. ಅವಳ ಫೋನು ಅಮ್ಮನ ಬೀರುವಿನಲ್ಲಿ. ಕಿಟಕಿಯಲ್ಲಿ ನಿಂತರೆ ಯಾರನ್ನು ನೋಡುತ್ತೀಯ, ಮಲಗಿದರೆ ಮೈಗೇನಾಯಿತು, ಉಣ್ಣದಿದ್ದರೆ ಗಂಡಿನ ಕಡೆಯವರು ಏನಂದಾರು. ಬೈಗುಳವಿಲ್ಲ, ಏಟಿಲ್ಲ, ಬೀಗವಿಲ್ಲ. ಎಲ್ಲರೂ ಅಕ್ಕರೆಯಿಂದಲೇ ಸುತ್ತುತ್ತಿದ್ದರು, ಎಳೆಯ ಮೇಲೆ ಎಳೆ. ಹೆಣ್ಣುಮಕ್ಕಳನ್ನು ಹೀಗೆ ಅಕ್ಕರೆಯಲ್ಲಿ ಉಸಿರು ಕಟ್ಟಿಸುವ ವಿದ್ಯೆಯನ್ನು ನಮ್ಮ ಮರ್ಯಾದಸ್ಥ ಮನೆಗಳಿಗೆ ಯಾರೂ ಕಲಿಸಬೇಕಿಲ್ಲ.

ಮಗಳಿಗೆ ಮಂಚ ಕೊಟ್ಟು ಕಳಿಸುವುದು ಪದ್ಧತಿ. ಚೆನ್ನರಾಯಪ್ಪ ಅವಳ ಕಂಪನಿಯಿಂದಲೇ ತರಿಸಿದ, ಅವಳಿಗೆ ತಿಳಿಸದೆ. ಮಂಚ ಬಂದು ಇಳಿದಾಗ ತಲೆಹಲಗೆಯ ಲೇಬಲ್ಲಿನಲ್ಲಿ ಅವಳದೇ ನಗು. ಕೆಳಗೆ ದೊಡ್ಡಕ್ಷರದಲ್ಲಿ: ವಿಷವಿಲ್ಲದ ಮನೆ, ನಮ್ಮ ರೈತರ ಹರಕೆ. ಚೆನ್ನರಾಯಪ್ಪ ಬಂದವರಿಗೆಲ್ಲ ಅದನ್ನು ತೋರಿಸಿದ. ಮನೆಯೊಳಗೆ ಬಣ್ಣದವರ ಏಣಿ, ಡಬ್ಬಿ. ಹಾಗಾಗಿ ಮಂಚವನ್ನು ಪ್ಲಾಸ್ಟಿಕ್ ಸಮೇತ ಹುಳದ ಮನೆಯಲ್ಲಿ ಇಡಿಸಿದ. ಬೇರೆ ಯಾವ ಹೊಸ ಸಾಮಾನನ್ನೂ ಅವನು ಅಲ್ಲಿಗೆ ಬಿಡುತ್ತಿರಲಿಲ್ಲ. ಆದರೆ ಕುರ್ಚಿ ಒಂದು ಬೆಳೆ ಪೂರ್ತಿ ಅಲ್ಲಿದ್ದು ಹುಳಕ್ಕೆ ಏನೂ ಆಗಿರಲಿಲ್ಲ. ಇದೂ ಅದೇ ಕಂಪನಿ, ಅದೇ ಹಲಗೆ, ಮೇಲೆ ಮಗಳ ಮುಖ.

ಹುಳ ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದು, ರಾಕ್ಷಸರ ಹಾಗೆ ತಿನ್ನುತ್ತಿದ್ದ ಹೊತ್ತು. ಚಳಿಯೆಂದು ಒಳಗೆ ಬೆಂಕಿಯ ಕಾವು ಕೊಟ್ಟು ಕಿಟಕಿ ಮುಚ್ಚಿದ್ದರು. ಮರುದಿನ ಬೆಳಿಗ್ಗೆ ಪಂಕಜಮ್ಮ ಶಾಸ್ತ್ರಕ್ಕೆಂದು ಪ್ಲಾಸ್ಟಿಕ್ ಬಿಚ್ಚಿ ಮಂಚದ ಕಾಲಿಗೆ ಅರಿಶಿನ ಕುಂಕುಮ ಇಟ್ಟಳು.

ಮಧ್ಯಾಹ್ನ ಸೊಪ್ಪು ಹಾಕಲು ಹೋದ ಚೆನ್ನರಾಯಪ್ಪನ ಕೂಗಿಗೆ ಮನೆಯವರೆಲ್ಲ ಓಡಿಬಂದರು. ಒಳಗೆ ಸದ್ದಿಲ್ಲ. ಸಾವಿರ ಬಾಯಿ ಎಲೆ ತಿನ್ನುವಾಗ ಬರುವ ಆ ಮಳೆಯಂಥ ಸದ್ದು ನಿಂತುಹೋಗಿತ್ತು. ಹುಳಗಳು ತಲೆಯೆತ್ತಿ ಅತ್ತಿಂದಿತ್ತ ಆಡಿಸುತ್ತಿದ್ದವು, ಕೆಲವು ಹಸಿರು ಕಕ್ಕಿ ಸುರುಟಿಕೊಂಡಿದ್ದವು. ಮಂಚದ ಹತ್ತಿರದ ತಟ್ಟೆಗಳಲ್ಲಿ ಎಲ್ಲ ಮುಗಿದಿತ್ತು.

“ಯಾರಾದ್ರೂ ಮೈಲಿಗೇಲಿ ಒಳಗೆ ಬಂದ್ರಾ?” ಎಂದು ಚೆನ್ನರಾಯಪ್ಪ ಹೆಂಡತಿಯತ್ತ ತಿರುಗಿದ.

ಹೊರಗಿನ ಬಣ್ಣದ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಲಾವಣ್ಯಳ ಕಣ್ಣನ್ನು ಇರಿಯಿತು. ಮಂಚದ ಕಾಲ ಹತ್ತಿರ, ಬಣ್ಣ ಕಾಣದ ಕತ್ತರಿಸಿದ ಅಂಚಿಗೆ ಮೂಗು ಒಡ್ಡಿದಳು. ಹುಟ್ಟಿದಾಗಿನಿಂದ ಗೊತ್ತಿರುವ ಘಾಟು. ಫಾರ್ಮಲಿನ್.

“ಮೈಲಿಗೆ ಅಲ್ಲಪ್ಪ. ಮಂಚ.”

“ನಿನ್ನ ಮುಖಾನೇ ಇದೆಯಲ್ಲಮ್ಮ ಅದರ ಮೇಲೆ.” ಅಪ್ಪನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅರ್ಥವಾಗದ ದಿಗಿಲು.

ಅವಳು ಆ ಮುಖವನ್ನು ನೋಡಿದಳು. ಯಾವನನ್ನು ನೋಡಿ ನಕ್ಕಿದ್ದಳೋ ಅವನನ್ನು ಚಿತ್ರದಿಂದ ಕತ್ತರಿಸಿ, ನಗುವನ್ನು ಮಾತ್ರ ವಿಷಕ್ಕೆ ಅಂಟಿಸಿದ್ದರು. ಮಂಚವನ್ನು ಹೊರಗೆ ಎಳೆಯಲು ಹೇಳಿ, ಕಿಟಕಿಗಳನ್ನು ತೆರೆದು, ನೇರ ಹೋಗಿ ಬೀರುವಿನಿಂದ ಫೋನು ತೆಗೆದಳು. ಪಂಕಜಮ್ಮ ತಡೆಯಲಿಲ್ಲ.

ಚಲಪತಿ ಮೊದಲ ರಿಂಗಿಗೇ ಎತ್ತಿದ. ಅವಳು ನಡೆದದ್ದನ್ನು ಹೇಳಿದಳು. ಹುಣಸೆಯ ಅಂಟು ತೇವ ತಡೆಯುವಂತಾಗಲು ಇನ್ನೊಂದು ಮಳೆಗಾಲ ಬೇಕು ಎಂದು ಅವನು ಬೇಡಿಕೊಂಡಿದ್ದನಂತೆ. ಹಸಿರು ಅನ್ನುವುದು ಲೇಬಲ್ಲಿನ ಮೇಲಿದ್ದರೆ ಸಾಕು ಎಂದು ಸುನೀಲ್‌ಕುಮಾರ್ ಡ್ರಮ್ಮುಗಟ್ಟಲೆ ಫಾರ್ಮಲಿನ್ ಅಂಟು ತರಿಸಿದನಂತೆ. ಅವತ್ತೇ ಕೆಲಸ ಬಿಟ್ಟೆ ಎಂದ.

“ನಂಗೆ ಯಾಕೋ ಹೇಳಲಿಲ್ಲ?”

“ಬೇರೆಯೋರ ಮನೆಗೆ ಹೋಗೋಳಿಗೆ ಏನಂತ ಹೇಳ್ಲಿ ಲಾವಣ್ಯ?”

ಅವಳಿಗೆ ಅಳಲು ಪುರಸೊತ್ತಿರಲಿಲ್ಲ. ಉಳಿದ ಹುಳಗಳನ್ನು ಘಾಟಿಲ್ಲದ ಕಡೆಗೆ ಈಗಲೇ ಬದಲಾಯಿಸಬೇಕು, ಇಲ್ಲಿನ ತಟ್ಟೆ, ಪ್ಲಾಸ್ಟಿಕ್ ಚಂದ್ರಿಕೆ ಎಲ್ಲವೂ ನಾರುತ್ತಿವೆ ಎಂದಳು. ಅಪ್ಪನ ಹಳೆಯ ಚಂದ್ರಿಕೆಗಳು ಅಟ್ಟದ ಮೇಲಿವೆ ಎಂದ ಅವನು. ಇನ್ನೂ ಬಿಸಿಲಿಗೆ ಹಾಕಿ ಒಣಗಿಸಿ ಇಡುತ್ತಾನೆ, ಯಾರೂ ಕೇಳದಿದ್ದರೂ.

ಲಗೇಜ್ ಆಟೊ ಬಂದು ಅಂಗಳದಲ್ಲಿ ನಿಂತಾಗ ಬಿಸಿಲು ಹುಣಸೆಮರದ ನೆತ್ತಿಯಿಂದ ಇಳಿದಿತ್ತು. ಚಂದ್ರಿಕೆಗಳ ರಾಶಿಯ ಹಿಂದೆ ಗಂಗುಲಪ್ಪ, ಅವನ ಹಿಂದೆ ಚಲಪತಿ. ತೆಳ್ಳಗಾಗಿದ್ದ. ಅವಳನ್ನು ನೋಡಿದ, ತಕ್ಷಣ ಕಣ್ಣು ಬೇರೆಡೆ ತಿರುಗಿಸಿದ, ಮತ್ತೆ ನೋಡಿದ. ಹುಬ್ಬಿನ ಮೇಲೆ ಪುಡಿಯಿರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಗಂಗುಲಪ್ಪ ಚಂದ್ರಿಕೆ ಹೊತ್ತು ಬಂದು, ಹಳೆಯ ಅಭ್ಯಾಸದಂತೆ ಸುಣ್ಣದ ಗೆರೆಯ ಈಚೆ ಇಳಿಸಿ ನಿಂತ. ಒಳಗೆ ಹುಳ ಸಾಯುತ್ತಿವೆ. ಎತ್ತಿ ಸಾಗಿಸಲು ಕೈ ಸಾಲದು. ಚೆನ್ನರಾಯಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಬಾ ಅನ್ನಲೊಲ್ಲ, ಹೋಗು ಅನ್ನಲಾರ.

ಲಾವಣ್ಯ ಗೆರೆಯನ್ನು ಅಳಿಸಲಿಲ್ಲ. ಅದು ಹುಳಕ್ಕೆ ಬೇಕಾದ ಗೆರೆ. ಚೊಂಬು ತೆಗೆದುಕೊಂಡು ಬಗ್ಗಿ, ಆ ಮುದುಕನ ಕಾಲ ಮೇಲೆ ನೀರು ಸುರಿದಳು.

“ಕಾಲು ತೊಳ್ಕೊಂಡೋರೆಲ್ಲ ಒಳಗೆ ಬರ್ಬೋದು. ಬನ್ನಿ ಮಾವ.”

ಮಾವ. ಆ ಅಂಗಳದಲ್ಲಿ ಆ ಕರೆಗೆ ಒಂದೇ ಅರ್ಥ. ಏಣಿಯ ಮೇಲಿದ್ದ ಬಣ್ಣದವನ ಕುಂಚ ನಿಂತಿತು. ಪಂಕಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚೆನ್ನರಾಯಪ್ಪ ಮಗಳ ಮುಖವನ್ನು, ಅವಳ ಹಿಂದೆ ನಿಂತವನ ಮುಖವನ್ನು ನೋಡಿದ. ಒಳಗಿನಿಂದ ಹುಳಗಳ ಮೌನ ಕೇಳುತ್ತಿತ್ತು. ಅವನು ಬಾಗಿಲಿನಿಂದ ಸರಿದ.

ಆಮೇಲೆ ಮಾತಿಗೆ ಬಿಡುವಿರಲಿಲ್ಲ. ಹುಣಸೆಮರದ ನೆರಳಲ್ಲಿ ಚಂದ್ರಿಕೆ ಹಾಸಿ, ಹೊಸ ಸೊಪ್ಪು ಹರಡಿ, ಬದುಕಿದ್ದ ಹುಳಗಳನ್ನು ಬೊಗಸೆ ಬೊಗಸೆಯಾಗಿ ತಂದು ಬಿಟ್ಟರು. ಒಂದೇ ತಟ್ಟೆಯ ಮೇಲೆ ಬಗ್ಗಿದಾಗ ಚಲಪತಿಯ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರ ಕೈಯಲ್ಲೂ ಹುಳ. ಹಿಡಿಯುವಂತಿಲ್ಲ, ಬಿಡುವಂತಿಲ್ಲ.

“ಗೆರೆ ದಾಟಿದೆ,” ಎಂದ ಅವನು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

“ಅವತ್ತು ಹಾಗೆ ಅನ್ನಬಾರದಾಗಿತ್ತು ಕಣೋ.”

“ಅನ್ನಬಾರದಾಗಿತ್ತು,” ಎಂದು ಒಪ್ಪಿದ. “ಅಂದಿದ್ದಕ್ಕೇ ದಿನಾ ನೆನಪಾಗ್ತಿದ್ದೆ. ಇಲ್ದಿದ್ರೆ ವಾರಕ್ಕೊಂದು ರಜಾ ಸಿಗ್ತಿತ್ತೇನೋ.”

ಸಂಜೆಗೆ ಮರದಡಿ ಸದ್ದು ಶುರುವಾಯಿತು, ಮೊದಲು ತೊಟ್ಟಿಕ್ಕುವ ಹಾಗೆ, ಆಮೇಲೆ ಸಣ್ಣ ಜಡಿಮಳೆಯ ಹಾಗೆ. ಅರ್ಧದಷ್ಟು ಹೋಗಿತ್ತು, ಉಳಿದದ್ದು ತಿನ್ನುತ್ತಿತ್ತು. ಚೆನ್ನರಾಯಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತು ಕೇಳಿಸಿಕೊಂಡ. ಕಣ್ಣೊರೆಸಿಕೊಂಡು ಹೆಂಡತಿಗೆ ಕಾಫಿ ತರಲು ಸನ್ನೆ ಮಾಡಿದ.

ಕಾಫಿ ಬಂತು. ಮನೆಯವರಿಗೆ ಸ್ಟೀಲ್ ಲೋಟ. ತಟ್ಟೆಯ ತುದಿಯಲ್ಲಿ ಎರಡು ಪೇಪರ್ ಕಪ್ಪು.

ಬೆಳೆ ಉಳಿಸಿದ ಕೈಗೆ ಪೇಪರ್ ಕಪ್ಪು. ನಮ್ಮ ಉಪಕಾರ ಸ್ಮರಣೆ ಕೂಡ ಬಳಸಿ ಬಿಸಾಡುವಂಥದ್ದು. ಲಾವಣ್ಯ ಹುಳದ ಮನೆಯೊಳಗೆ ಹೋದಳು. ಅಪ್ಪನ ಸಿಂಹಾಸನವನ್ನು ಎತ್ತಿ ತಂದು ಅಂಗಳದ ನಡುವೆ ಇಟ್ಟು, ಚಲಪತಿಗೆ ಕೂತುಕೋ ಎಂದಳು.

“ಅದು ನನ್ನ ಕುರ್ಚಿ,” ಎಂದ ಚೆನ್ನರಾಯಪ್ಪ.

“ಮಾಡ್ದೋನು ಇವನೇ ಕಣಪ್ಪ. ಒಂದು ಬೆಳೆ ಪೂರ್ತಿ ಇದರ ಮೇಲೆ ಕೂತಿದ್ದೆ. ನಿಂಗೂ ಏನೂ ಆಗಲಿಲ್ಲ, ಹುಳಕ್ಕೂ ಏನೂ ಆಗಲಿಲ್ಲ. ಹುಳಕ್ಕೆ ಆಗ್ದೇ ಇದ್ದಿದ್ದು ನೀನು ಒಳಗೆ ತಂದು ಕುಂಕುಮ ಇಡಿಸಿದ ಮಂಚ.”

ಚೆನ್ನರಾಯಪ್ಪ ನೆಲ ನೋಡಿದ. ಹುಳ ಉಳಿಸಿದ್ದು ದೊಡ್ಡದು, ಸಾಯುವ ತನಕ ಮರೆಯುವುದಿಲ್ಲ, ಆದರೆ ಅದು ಬೇರೆ, ಇದು ಬೇರೆ ಎಂದ. ಊರಿನಲ್ಲಿ ತಲೆ ಎತ್ತಿ ತಿರುಗಬೇಕಲ್ಲ ಎಂದ. ಕೊನೆಗೆ, ಮುಖ ಎತ್ತದೆ, ಹೋಗುವುದಾದರೆ ಬರಿಗೈಯಲ್ಲಿ ಹೋಗು ಎಂದ.

ಅವಳು ವಿನಯ್‌ಗೆ ಅಲ್ಲಿಂದಲೇ, ಎಲ್ಲರೆದುರು ಫೋನು ಮಾಡಿದಳು. ಮೊದಲೇ ಹೇಳಬಹುದಿತ್ತಲ್ಲ ಎಂದ ಅವನು, ಒರಟಾಗಿಯೇನಲ್ಲ. ಕೇಳಿದವರಿರಲಿಲ್ಲ, ನಾನೂ ಹೇಳಲಿಲ್ಲ, ತಪ್ಪಾಯಿತು ಎಂದಳು. ಬಳೆಗಳನ್ನು ಬಿಚ್ಚಿ ಅಮ್ಮನ ಕೈಗಿಟ್ಟಳು. ಆಮೇಲೆ ಅಂಗಳದಲ್ಲಿ ಬಿದ್ದಿದ್ದ ಮಂಚದ ತಲೆಹಲಗೆಯಿಂದ ತನ್ನ ಮುಖವನ್ನು ಉಗುರಿನಿಂದ ಕೆರೆದು ಕಿತ್ತಳು. ಸುಲಭಕ್ಕೆ ಬರಲಿಲ್ಲ. ಸುಳ್ಳಿನ ಅಂಟು ಬಲು ಗಟ್ಟಿ. ನಾಳೆ ಕುಡುಮಲಕುಂಟೆಯ ಫ್ಯಾಕ್ಟರಿ ಗೇಟಿಗೆ ಹೋಗಿ ಉಳಿದ ಮುಖಗಳನ್ನೂ ಕೀಳಿಸಬೇಕು.

ಪಂಕಜಮ್ಮ ಒಳಗೆ ಹೋದಳು. ಹಿಂದಿರುಗಿದಾಗ ಎರಡು ಸ್ಟೀಲ್ ಲೋಟ ಹಿಡಿದಿದ್ದಳು. ಪೇಪರ್ ಕಪ್ಪಿನ ಆರಿದ ಕಾಫಿಯನ್ನು ಗಂಡನೆದುರೇ ಅಂಗಳಕ್ಕೆ ಚೆಲ್ಲಿ, ಬಿಸಿಯದನ್ನು ಬಗ್ಗಿಸಿ, ಒಂದು ಲೋಟ ಗಂಗುಲಪ್ಪನ ಕೈಗೆ, ಒಂದು ಚಲಪತಿಯ ಕೈಗೆ ಕೊಟ್ಟಳು. ಚೆನ್ನರಾಯಪ್ಪ ತಡೆಯಲೂ ಇಲ್ಲ, ನೋಡಲೂ ಇಲ್ಲ.

ಚಂದ್ರಿಕೆಗಳು ಹುಳಗಳ ಹತ್ತಿರವೇ ಉಳಿದವು. ಖಾಲಿಯಾದ ಲಗೇಜ್ ಆಟೊದ ಹಿಂದೆ ಕುರ್ಚಿ ಏರಿತು, ಕುರ್ಚಿಯ ಮೇಲೆ ಲಾವಣ್ಯ. ಗಂಗುಲಪ್ಪ ಡ್ರೈವರನ ಪಕ್ಕ. ಚಲಪತಿ ಅವಳ ಕಾಲ ಹತ್ತಿರ, ಆಟೊದ ನೆಲದ ಮೇಲೆ, ಕುರ್ಚಿ ನಿಂತ ದಿನದ ಹಾಗೆಯೇ ಕೂತ. ಊರ ಬಾಗಿಲುಗಳಲ್ಲೆಲ್ಲ ಮುಖಗಳು. ಅವಳ ಭಯ ಹೋಗಿರಲಿಲ್ಲ, ಬೆನ್ನು ಮಾತ್ರ ನೆಟ್ಟಗಿತ್ತು.

“ನಿಮ್ಮನೇಲಿ ನಂಗೆ ಜಾಗ ಇದೆಯಾ?”

“ಜಾಗ ಇದೆ. ಮಂಚ ಇಲ್ಲ.”

“ಮಾಡಣ.”

“ಹುಣಸೆ ಅಂಟಲ್ಲಿ ಮಾಡಿದ್ರೆ ಮಳೆಗಾಲದಲ್ಲಿ ಉಬ್ಬುತ್ತೆ ಕಣೇ.”

“ಉಬ್ಬಲಿ. ಮತ್ತೆ ಮಾಡಣ.”

ಆಟೊ ಗುಂಡಿಗೆ ಬಿದ್ದು ಎದ್ದಿತು. ಅವಳು ಬೀಳದಂತೆ ಅವನು ಕುರ್ಚಿಯ ಕೈಯನ್ನು ಕೆಳಗಿನಿಂದ ಗಟ್ಟಿಯಾಗಿ ಹಿಡಿದ. ಬೆರಳಿಗೆ ಏನೋ ತಾಗಿತು. ಬಗ್ಗಿ ನೋಡಿದ: ಹಳದಿ ಗೂಡು, ಅಡಕೆಯಷ್ಟು ದಪ್ಪ, ಹತ್ತಿಯಷ್ಟು ಹಗುರ, ಒಂದು ತುದಿಯಲ್ಲಿ ತೂತು.

“ಇದೇನೇ, ಖಾಲಿ ಇದೆ?”

“ಸುಮ್ನೆ ಬಿಟ್ಟಿದ್ದೆ,” ಎಂದಳು ಲಾವಣ್ಯ, ಅವನ ಹುಬ್ಬಿಗೆ ಅಂಟಿದ್ದ ದಾರಿಯ ಧೂಳನ್ನು ಊದುತ್ತ. “ಅದೇ ಚಿಟ್ಟೆಯಾಗಿ ತೂತು ಮಾಡ್ಕೊಂಡು ಆಚೆ ಬಂತು.”